ಲೆಮನ್ ಬೈಬ್ಯಾಕ್ ಕಾರು: ಬೆಲೆ ಯಾಕೆ ಕಡಿಮೆ ಅಂತ ಮೊದಲು ಕೇಳಿ

ಅಮೆರಿಕದಲ್ಲಿ ಯೂಸ್ಡ್ ಕಾರು ನೋಡಲು ಹೋದಾಗ ಬಾನೆಟ್ ಎತ್ತುವ ಮುಂಚೆ ಒಂದು ಕೆಲಸ ಮಾಡಿ. ಡ್ರೈವರ್ ಬಾಗಿಲು ಪೂರ್ತಿ ತೆರೆದು, ಬಾಗಿಲು ಮುಚ್ಚಿದಾಗ ಮರೆಯಾಗುವ ಚೌಕಟ್ಟನ್ನು ಮೇಲಿಂದ ಕೆಳಗಿನವರೆಗೆ ಬಗ್ಗಿ ನೋಡಿ. ಟೈರ್ ಪ್ರೆಶರ್ ಬರೆದ ಸ್ಟಿಕ್ಕರ್ ಇರುತ್ತದೆ, ವಿನ್ ನಂಬರ್ (ಪ್ರತಿ ಕಾರಿಗೂ ಇರುವ ಗುರುತಿನ ಸಂಖ್ಯೆ) ಇರುವ ಸ್ಟಿಕ್ಕರ್ ಇರುತ್ತದೆ. ಅವುಗಳ ಜೊತೆ ಇನ್ನೊಂದು ಇದ್ದರೆ, ಅಥವಾ ಇದ್ದದ್ದನ್ನು ಕಿತ್ತ ಹಾಗೆ ಅಂಟು ಉಳಿದು ಧೂಳು ಮೆತ್ತಿಕೊಂಡಿದ್ದರೆ, ಅಲ್ಲೇ ನಿಂತು ಕೇಳಿ. ನಾನು ಕೇಳಲಿಲ್ಲ.

ಕ್ಯಾಲಿಫೋರ್ನಿಯಾಗೆ ಬಂದ ಎರಡನೇ ವರ್ಷ ಒಂದು ಎಸ್‌ಯುವಿ ಕೊಂಡೆ. ಅದೇ ಮಾಡೆಲ್, ಅಷ್ಟೇ ಮೈಲು ಓಡಿದ ಬೇರೆ ಕಾರುಗಳಿಗಿಂತ ಸುಮಾರು 4,000 ಡಾಲರ್ ಕಡಿಮೆ. ಯಾಕೆ ಅಂತ ಕೇಳಿದ್ದಕ್ಕೆ ಸೇಲ್ಸ್‌ಮನ್ "ಲೀಸ್ ಮುಗಿದು ವಾಪಸ್ ಬಂದ ಗಾಡಿ, ತಿಂಗಳ ಕೊನೆ, ಖಾಲಿ ಮಾಡಬೇಕು" ಅಂದ. ನಂಬಿದೆ. ಮೂರನೇ ವಾರ ಫ್ರೀವೇಯಲ್ಲಿ 60 ಮೈಲು ವೇಗದಲ್ಲಿ ಹೋಗುವಾಗ ಗೇರ್ ಬದಲಾಗುವ ಹೊತ್ತಿಗೆ ಗಾಡಿ ಪೂರ್ತಿ ನಡುಗಿತು. ಹಿಂದಿನ ಸೀಟಿನಲ್ಲಿ ಮಗು ಮಲಗಿತ್ತು. ಬಲಗಡೆ ರಸ್ತೆಯಂಚಿನ ಶೋಲ್ಡರ್‌ಗೆ ಬರುವವರೆಗೆ ಉಸಿರು ಬಿಟ್ಟಿರಲಿಲ್ಲ.

ಆ ಕಂಪನಿಯ ಬೇರೊಂದು ಸರ್ವಿಸ್ ಸೆಂಟರ್‌ಗೆ ತೆಗೆದುಕೊಂಡು ಹೋದೆ. ಕೌಂಟರಿನಲ್ಲಿದ್ದ ಹೆಂಗಸು ವಿನ್ ನಂಬರ್ ಹಾಕಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. ಅದೇ ದೂರು, ಅದೇ ಟ್ರಾನ್ಸ್‌ಮಿಷನ್ (ಗೇರ್ ವ್ಯವಸ್ಥೆ), ನಾಲ್ಕು ಸಲ ರಿಪೇರಿ. ಕೊನೆಯ ಸಾಲಿನಲ್ಲಿ, ತಯಾರಕರು ವಾಪಸ್ ಕೊಂಡಿದ್ದಾರೆ ಅಂತ ಇತ್ತು.

ರಾತ್ರಿ ನ್ಯೂಜೆರ್ಸಿಯಲ್ಲಿರುವ ಭಾವನಿಗೆ ಫೋನ್ ಮಾಡಿ ಮೋಸ ಆಯ್ತು ಅಂದೆ. "ನೋಡಪ್ಪ, ಬೈಯೋದು ಆಮೇಲೆ. ಅವರು ಕೊಟ್ಟ ಫೋಲ್ಡರ್ ತೆಗಿ, ಒಂದೊಂದೇ ಕಾಗದ ಓದಿ ಹೇಳು" ಅಂದರು. ಓದುತ್ತಾ ಹೋದೆ. ಹನ್ನೊಂದನೆಯದೋ ಹನ್ನೆರಡನೆಯದೋ ಹಾಳೆಯಲ್ಲಿ, ದಪ್ಪಕ್ಷರದಲ್ಲಿ, ಈ ವಾಹನವನ್ನು ವಾರಂಟಿ ದೋಷದ ಕಾರಣಕ್ಕೆ ತಯಾರಕರು ಮರಳಿ ಪಡೆದಿದ್ದಾರೆ ಅಂತ ಬರೆದಿತ್ತು. ಕೆಳಗೆ ನನ್ನ ಸಹಿ ಇತ್ತು.

ಈ ಬರಹ ಆ ಸಹಿಯ ಬಗ್ಗೆ. ಡೀಲರ್ ಬಾಯಲ್ಲಿ ಹೇಳುವುದು ಒಂದು, ಕಾಗದದಲ್ಲಿ ಇರುವುದು ಇನ್ನೊಂದು. ಇವೆರಡರ ನಡುವಿನ ಅಂತರದಲ್ಲೇ ಮೋಸ ಕೂತಿರುತ್ತದೆ. ಹೊಸದಾಗಿ ಬಂದವರು, ಓದಲು ಬಂದ ಹುಡುಗರು, ಕ್ರೆಡಿಟ್ ಹಿಸ್ಟರಿ ಇನ್ನೂ ಇಲ್ಲದವರು ಇದರಲ್ಲಿ ಸುಲಭವಾಗಿ ಸಿಕ್ಕಿಬೀಳುತ್ತಾರೆ. ಹಾಗಾಗಿ ಸ್ವಲ್ಪ ಉದ್ದವಾದರೂ ಬಿಡಿಸಿ ಬರೆಯುತ್ತೇನೆ.

ಮೊದಲಿಗೆ, ಲೆಮನ್ ಬೈಬ್ಯಾಕ್ ಅಂದರೆ ಏನು

ಹೊಸ ಕಾರು ಕೊಂಡವರಿಗೆ ಪದೇ ಪದೇ ಅದೇ ತೊಂದರೆ ಬಂದು, ವಾರಂಟಿಯಲ್ಲಿ ಎಷ್ಟು ಸಲ ರಿಪೇರಿ ಮಾಡಿದರೂ ಸರಿಹೋಗದಿದ್ದರೆ ಅದನ್ನು ಇಲ್ಲಿ ಲೆಮನ್ ಅನ್ನುತ್ತಾರೆ. ಮೇಲೆ ಥಳಕು ಒಳಗೆ ಹುಳುಕು ಅಂತ ನಾವು ಹೇಳುತ್ತೇವಲ್ಲ, ಅದೇ. ಇಂಥ ಕಾರನ್ನು ತಯಾರಕರೇ ವಾಪಸ್ ಕೊಳ್ಳಬೇಕು ಅಂತ ಹೇಳುವ ಕಾನೂನಿಗೆ ಲೆಮನ್ ಲಾ ಅಂತ ಹೆಸರು. 1982ರಲ್ಲಿ ಕನೆಕ್ಟಿಕಟ್ ಮೊದಲು ತಂದಿತು, ಅದೇ ವರ್ಷ ಕ್ಯಾಲಿಫೋರ್ನಿಯಾ ಕೂಡ ತಂದಿತು, ಈಗ 50 ರಾಜ್ಯಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಇದೆ. ಕ್ಯಾಲಿಫೋರ್ನಿಯಾದ ಲೆಕ್ಕ ಹೀಗೆ: ಮೊದಲ 18 ತಿಂಗಳು ಅಥವಾ 18,000 ಮೈಲು, ಯಾವುದು ಮೊದಲೋ ಅದರೊಳಗೆ, ಒಂದೇ ದೋಷಕ್ಕೆ 4 ಸಲ ರಿಪೇರಿ ಆಗಿದ್ದರೆ, ಜೀವಕ್ಕೆ ಅಪಾಯ ತರುವ ದೋಷವಾದರೆ 2 ಸಲ ಆಗಿದ್ದರೆ, ಇಲ್ಲವೇ ಒಟ್ಟು 30 ದಿನಕ್ಕಿಂತ ಜಾಸ್ತಿ ವರ್ಕ್‌ಶಾಪಿನಲ್ಲೇ ನಿಂತಿದ್ದರೆ, ಅದು ಲೆಮನ್ ಅಂತ ಕಾನೂನು ಅಂದುಕೊಳ್ಳುತ್ತದೆ.

ಹೀಗೆ ವಾಪಸ್ ಪಡೆದ ಕಾರನ್ನು ಗುಜರಿಗೆ ಹಾಕುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಇಲ್ಲ. ರಿಪೇರಿ ಮಾಡಿ ಹರಾಜಿಗೆ ಕಳಿಸುತ್ತಾರೆ. ಡೀಲರುಗಳು ಮಾತ್ರ ಹೋಗಬಹುದಾದ ಹರಾಜು ಅದು, ಮತ್ತು ಇದು ತಯಾರಕರು ವಾಪಸ್ ಪಡೆದ ಗಾಡಿ ಅಂತ ಅಲ್ಲಿ ಹೇಳಿಯೇ ಮಾರುತ್ತಾರೆ. ಅಂದರೆ ಡೀಲರ್‌ಗೆ ಗೊತ್ತಿರುತ್ತದೆ. ಅದಕ್ಕೇ ಅವನಿಗೆ ಅಗ್ಗಕ್ಕೆ ಸಿಗುತ್ತದೆ. ಆ ಅಗ್ಗದ ಪಾಲು ನಿಮಗೂ ಸಿಗುತ್ತದಾ, ಅಥವಾ ಅವನು ಬಾಯಿಮುಚ್ಚಿಕೊಂಡು ಪೂರ್ತಿ ಬೆಲೆಗೆ ಮಾರುತ್ತಾನಾ ಅನ್ನುವುದೇ ಪ್ರಶ್ನೆ.

ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಸಾಕಷ್ಟು ಬಿಗಿ. ಟೈಟಲ್ (ಕಾರಿನ ಒಡೆತನದ ಸರ್ಕಾರಿ ಪತ್ರ) ಮೇಲೆ ಲೆಮನ್ ಲಾ ಬೈಬ್ಯಾಕ್ ಅಂತ ಮುದ್ರೆ ಬೀಳಬೇಕು, ಎಡಗಡೆ, ಅಂದರೆ ಇಲ್ಲಿ ಡ್ರೈವರ್ ಕಡೆಯ, ಬಾಗಿಲ ಚೌಕಟ್ಟಿಗೆ ಸ್ಟಿಕ್ಕರ್ ಅಂಟಿಸಬೇಕು, ಅದನ್ನು ಗೊತ್ತಿದ್ದೂ ಯಾರೂ ಕೀಳುವಂತಿಲ್ಲ. ಯಾವ ದೋಷ ಇತ್ತು, ಏನು ರಿಪೇರಿ ಮಾಡಿದರು ಅಂತ ಬರೆದ ನೋಟಿಸ್ ಕೊಟ್ಟು ಕೊಳ್ಳುವವರ ಸಹಿ ಪಡೆಯಬೇಕು. ಆ ದೋಷ ಈಗ ಇಲ್ಲ ಅಂತ ತಯಾರಕರು ಒಂದು ವರ್ಷದ ವಾರಂಟಿಯನ್ನೂ ಬರೆದುಕೊಡಬೇಕು. ಬೇರೆ ರಾಜ್ಯಗಳಲ್ಲಿ ಈ ನಿಯಮಗಳು ಬೇರೆ ಬೇರೆ. ಕೆಲವು ಕಡೆ ಟೈಟಲ್ ಮೇಲೆ ಏನೂ ಬರುವುದಿಲ್ಲ. ಮೋಸದ ದಾರಿ ಶುರುವಾಗುವುದು ಅಲ್ಲಿಂದಲೇ.

ಎಲ್ಲಾ ಬೈಬ್ಯಾಕ್ ಕಾರೂ ಕೆಟ್ಟದ್ದಾ?

ಅಲ್ಲ. ಸ್ಕ್ರೀನ್ ಪದೇ ಪದೇ ಸ್ತಬ್ಧವಾಗುತ್ತಿತ್ತು, ಪವರ್ ಸೀಟ್ ಕೆಲಸ ಮಾಡುತ್ತಿರಲಿಲ್ಲ, ಸನ್‌ರೂಫ್ ಗಡಗಡ ಸದ್ದು ಮಾಡುತ್ತಿತ್ತು ಅಂತ ವಾಪಸ್ ಬಂದ ಕಾರುಗಳೂ ಇರುತ್ತವೆ. ಆ ಭಾಗ ಪೂರ್ತಿ ಬದಲಿಸಿ, ಬಿಲ್ ತೋರಿಸಿ, ಬೆಲೆಯನ್ನೂ ನಿಜವಾಗಿ ಇಳಿಸಿ, ಒಂದು ವರ್ಷದ ವಾರಂಟಿ ಕೈಗೆ ಕೊಟ್ಟರೆ, ಹತ್ತು ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದವರಿಗೆ ಅದು ಒಳ್ಳೆಯ ವ್ಯಾಪಾರವೇ ಆಗಬಹುದು. ಆದರೆ ನೆನಪಿರಲಿ, ಆ ವಾರಂಟಿ ಆ ಒಂದು ದೋಷಕ್ಕೆ ಮಾತ್ರ. ನಾಳೆ ನೀವು ಮಾರುವಾಗ ನಿಮ್ಮ ಗಾಡಿಯ ಟೈಟಲ್ ಮೇಲೂ ಅದೇ ಮುದ್ರೆ ಇರುತ್ತದೆ, ನಿಮಗೂ ಬೆಲೆ ಕಡಿಮೆಯೇ ಸಿಗುತ್ತದೆ. ಅದನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ನಾನು ಮುಟ್ಟದಿರುವ ಕಾರುಗಳು ಯಾವುವು ಅಂದರೆ: ಟ್ರಾನ್ಸ್‌ಮಿಷನ್, ಬ್ರೇಕ್, ಸ್ಟಿಯರಿಂಗ್, ಏರ್‌ಬ್ಯಾಗ್ ತೊಂದರೆಯಿಂದ ವಾಪಸ್ ಬಂದವು. ಓಡುವಾಗಲೇ ಎಂಜಿನ್ ನಿಂತುಹೋಗುತ್ತಿದ್ದವು. ಎಲೆಕ್ಟ್ರಿಕ್ ಅಥವಾ ಹೈಬ್ರಿಡ್ ಆದರೆ ಹೈ ವೋಲ್ಟೇಜ್ ಬ್ಯಾಟರಿ ದೂರು ಇದ್ದವು. ನೀರು ಒಳಗೆ ಸೋರುತ್ತಿದ್ದವು ಕೂಡ, ಏಕೆಂದರೆ ಕಾರ್ಪೆಟ್ ಕೆಳಗಿನ ವೈರ್ ಜೋಡಣೆಗಳು ತುಕ್ಕು ಹಿಡಿದು ಎರಡು ವರ್ಷ ಬಿಟ್ಟು ಕೈಕೊಡುತ್ತವೆ. ಎಲ್ಲಕ್ಕಿಂತ ಕಷ್ಟದ್ದು, ಯಾವಾಗಲೋ ಒಮ್ಮೆ ಬಂದು ಹೋಗುವ ಎಲೆಕ್ಟ್ರಿಕಲ್ ದೋಷ. ನಾಲ್ಕು ಸಲ ನೋಡಿದ ಕಂಪನಿಯ ಮೆಕ್ಯಾನಿಕ್‌ಗಳಿಗೇ ಸಿಗದ್ದು ನಿಮ್ಮ ಟೆಸ್ಟ್ ಡ್ರೈವ್‌ನ 15 ನಿಮಿಷದಲ್ಲಿ ಸಿಗುತ್ತದಾ? ನೋಟಿಸ್‌ನಲ್ಲಿ "ದೋಷ ಕಂಡುಬರಲಿಲ್ಲ" ಅಂತ ಬರೆದಿದ್ದರೆ ಅದು ಸಮಾಧಾನದ ಮಾತಲ್ಲ. ಹುಡುಕಿ ಸೋತಿದ್ದಾರೆ ಅಂತ ಓದಿಕೊಳ್ಳಿ.

ಕಾರು ನೋಡಲು ಹೋಗುವ ಮುಂಚೆ ಮನೆಯಲ್ಲೇ

ವಿನ್ ನಂಬರ್ ಇಲ್ಲದೆ ಮನೆಯಿಂದ ಹೊರಡಬೇಡಿ. 1981ರಿಂದ ಇಲ್ಲಿನ ಎಲ್ಲಾ ಕಾರಿಗೂ 17 ಅಕ್ಷರ ಮತ್ತು ಅಂಕಿಗಳ ವಿನ್ ಇರುತ್ತದೆ. ಡೀಲರ್ ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಟ್ಟುಬಿಡಿ, ಬೇರೆ ಕಾರು ಸಿಗುತ್ತದೆ.

ಕಾರಿನ ಹಿಂದಿನ ಕಥೆ ತೋರಿಸುವ ಕಾರ್‌ಫ್ಯಾಕ್ಸ್, ಆಟೋಚೆಕ್ ರಿಪೋರ್ಟ್ ಎರಡರಲ್ಲಿ ಒಂದನ್ನಾದರೂ ತೆಗೆಸಿ. ಡೀಲರ್ ಪ್ರಿಂಟ್ ಮಾಡಿ ಕೊಟ್ಟದ್ದನ್ನು ನಂಬದೆ ನೀವೇ ತೆಗೆಸಿ, ಆವತ್ತಿನ ತಾರೀಖಿನದು. ಜೊತೆಗೆ ಎನ್‌ಎಂವಿಟಿಐಎಸ್ ರಿಪೋರ್ಟ್. ಇದು 1992ರ ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ಕಾನೂನಿನಿಂದ ಹುಟ್ಟಿದ ಟೈಟಲ್ ದಾಖಲೆ ವ್ಯವಸ್ಥೆ. ವಿಮಾ ಕಂಪನಿಗಳು, ಗುಜರಿ ಅಂಗಡಿಗಳು ಇದಕ್ಕೆ ಮಾಹಿತಿ ಕೊಡಲೇಬೇಕು, ರಾಜ್ಯಗಳ ಟೈಟಲ್ ಮುದ್ರೆಗಳೂ ಇದರಲ್ಲಿ ಸೇರುತ್ತವೆ. ರಿಪೋರ್ಟ್‌ಗೆ ಕೆಲವೇ ಡಾಲರ್. ಸರ್ಕಾರದ ವೆಹಿಕಲ್‌ಹಿಸ್ಟರಿ ಡಾಟ್ ಗವ್ ಪುಟದಲ್ಲಿ ಯಾರಿಂದ ತೆಗೆದುಕೊಳ್ಳಬಹುದು ಅನ್ನುವ ಪಟ್ಟಿ ಇದೆ.

ಇದನ್ನೆಲ್ಲಾ ಯಾಕೆ ಮಾಡಬೇಕು ಅಂದರೆ, ಟೈಟಲ್ ವಾಶಿಂಗ್ ಅಂತ ಒಂದು ಆಟ ಇದೆ. ಒಂದು ರಾಜ್ಯದಲ್ಲಿ ಮುದ್ರೆ ಬಿದ್ದ ಕಾರನ್ನು ಆ ಮುದ್ರೆಗೆ ಬೆಲೆ ಕೊಡದ ಇನ್ನೊಂದು ರಾಜ್ಯದಲ್ಲಿ ರಿಜಿಸ್ಟರ್ ಮಾಡಿಸಿದರೆ ಹೊಸ ಟೈಟಲ್ ಶುಭ್ರವಾಗಿ ಬರುತ್ತದೆ. ಮತ್ತೆ ಅದನ್ನು ಮೂರನೇ ರಾಜ್ಯಕ್ಕೆ ತಂದು ಮಾರುತ್ತಾರೆ. ಅದಕ್ಕೇ ರಿಪೋರ್ಟ್‌ನಲ್ಲಿ ಮುದ್ರೆ ಇದೆಯಾ ಅಂತ ಮಾತ್ರ ನೋಡಬೇಡಿ, ಕಾರಿನ ಪ್ರಯಾಣವನ್ನೇ ಓದಿ. ಎರಡು ವರ್ಷದ ಕಾರು, ಮೊದಲ ಒಂದು ವರ್ಷದಲ್ಲೇ ಐದಾರು ಸಲ ಸರ್ವಿಸ್ ಸೆಂಟರ್‌ಗೆ ಹೋಗಿದೆ, ಆಮೇಲೆ ತಯಾರಕರ ಹೆಸರಿಗೆ ಟೈಟಲ್ ಬದಲಾಗಿದೆ, ನಂತರ ಹರಾಜು, ನಂತರ ಇದ್ದಕ್ಕಿದ್ದಂತೆ ದೂರದ ಇನ್ನೊಂದು ರಾಜ್ಯ. ಹೀಗಿದ್ದರೆ ಎಲ್ಲೂ ಲೆಮನ್ ಅನ್ನುವ ಪದ ಇಲ್ಲದಿದ್ದರೂ ನಿಮಗೆ ಬೇಕಾದ ಉತ್ತರ ಸಿಕ್ಕಿದೆ. ನನ್ನ ಕಾರಿನ ರಿಪೋರ್ಟನ್ನು ಆಮೇಲೆ ತೆಗೆಸಿ ನೋಡಿದಾಗ ಟೈಟಲ್ ತಯಾರಕರ ಹೆಸರಿಗೆ ಹೋಗಿದ್ದ ಸಾಲು ಎದ್ದು ಕಾಣುತ್ತಿತ್ತು. ಲೀಸ್ ಮುಗಿದ ಗಾಡಿ ಸಾಮಾನ್ಯವಾಗಿ ಲೀಸ್ ಕಂಪನಿಯ ಹೆಸರಲ್ಲಿರುತ್ತದೆ, ಕಾರು ತಯಾರಿಸಿದ ಕಂಪನಿಯ ಹೆಸರಲ್ಲಲ್ಲ.

ಇನ್ನೊಂದು ಸುಲಭದ ದಾರಿ: ಅದೇ ಬ್ರ್ಯಾಂಡಿನ ಬೇರೆ ಡೀಲರ್‌ನ ಸರ್ವಿಸ್ ವಿಭಾಗಕ್ಕೆ ಫೋನ್ ಮಾಡಿ, "ಈ ಕಾರು ಕೊಳ್ಳಬೇಕು ಅಂತಿದ್ದೇನೆ, ವಾರಂಟಿಯಲ್ಲಿ ಏನೇನು ಕೆಲಸ ಆಗಿದೆ, ವಾರಂಟಿ ಇನ್ನೂ ಚಾಲ್ತಿಯಲ್ಲಿದೆಯಾ" ಅಂತ ಕೇಳಿ. ಎಲ್ಲರೂ ಹೇಳುವುದಿಲ್ಲ. ಒಬ್ಬರು ಹೇಳದಿದ್ದರೆ ಇನ್ನೊಬ್ಬರಿಗೆ ಮಾಡಿ. ರಸ್ತೆ ಸುರಕ್ಷತೆ ನೋಡಿಕೊಳ್ಳುವ ಫೆಡರಲ್ ಸಂಸ್ಥೆ ಎನ್‌ಎಚ್‌ಟಿಎಸ್‌ಎಯ ವೆಬ್‌ಸೈಟಿನಲ್ಲಿ ವಿನ್ ಹಾಕಿ, ಬಾಕಿ ಇರುವ ರೀಕಾಲ್‌ಗಳನ್ನೂ (ದೋಷ ಸರಿಪಡಿಸಲು ತಯಾರಕರು ವಾಪಸ್ ಕರೆದದ್ದು) ನೋಡಿ, ಇದು ಉಚಿತ. ರೀಕಾಲ್ ಸರಿಪಡಿಸದೆ ಯೂಸ್ಡ್ ಕಾರು ಮಾರುವುದನ್ನು ಫೆಡರಲ್ ಕಾನೂನು ತಡೆಯುವುದಿಲ್ಲ ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ.

ಕಾರಿನ ಮುಂದೆ ನಿಂತಾಗ

ಬಾಗಿಲ ಚೌಕಟ್ಟು ಆಯಿತು. ಮುಂದಿನ ಗಾಜಿನ ಎಡ ಮೂಲೆಯಲ್ಲಿ ಡ್ಯಾಶ್‌ಬೋರ್ಡ್ ಮೇಲಿರುವ ವಿನ್, ಬಾಗಿಲ ಮೇಲಿನ ವಿನ್, ಕಾಗದದಲ್ಲಿರುವ ವಿನ್ ಮೂರೂ ಒಂದೇನಾ ಅಂತ ಅಕ್ಷರಕ್ಕೆ ಅಕ್ಷರ ಹೋಲಿಸಿ, ಫೋಟೋ ತೆಗೆದುಕೊಳ್ಳಿ.

ಆಮೇಲೆ ಎಂಜಿನ್ ಶುರು ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಮೀಟರಿನಲ್ಲಿ ಎಲ್ಲಾ ದೀಪಗಳೂ ಒಮ್ಮೆ ಹೊತ್ತಿಕೊಳ್ಳಬೇಕು. ಚೆಕ್ ಎಂಜಿನ್, ಏರ್‌ಬ್ಯಾಗ್, ಎಬಿಎಸ್ ಮೂರನ್ನೂ ಬೆರಳಿಟ್ಟು ಎಣಿಸಿ. ಯಾವುದೋ ಒಂದು ಹೊತ್ತಲೇ ಇಲ್ಲ ಅಂದರೆ ಆ ದೀಪ ಯಾಕೆ ಸತ್ತಿದೆ ಅಂತ ಕೇಳಲೇಬೇಕು. ದೋಷ ಇಲ್ಲದಿದ್ದಾಗ ದೀಪ ಆರಿರುವುದು ಬೇರೆ, ದೋಷ ಕಾಣದಿರಲಿ ಅಂತ ದೀಪವನ್ನೇ ಆರಿಸಿಡುವುದು ಬೇರೆ.

1996ರಿಂದ ಇಲ್ಲಿ ಮಾರಿದ ಎಲ್ಲಾ ಪೆಟ್ರೋಲ್ ಕಾರಿಗೂ ಸ್ಟಿಯರಿಂಗ್ ಕೆಳಗೆ ಒಬಿಡಿ ಸಾಕೆಟ್ ಇರುತ್ತದೆ, ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್‌ಗಳನ್ನು ಅಲ್ಲಿಂದ ಓದಬಹುದು. 20, 30 ಡಾಲರಿಗೆ ಒಂದು ಸಣ್ಣ ಸ್ಕ್ಯಾನರ್ ಸಿಗುತ್ತದೆ, ಫೋನಿಗೆ ಬ್ಲೂಟೂತ್‌ನಲ್ಲಿ ಸೇರುತ್ತದೆ. ಅದನ್ನು ಹಾಕಿದಾಗ ಕೋಡ್ ಏನೂ ಇಲ್ಲ ಅಂತ ಬಂದರೆ ಖುಷಿಪಡುವ ಮುಂಚೆ ಇನ್ನೊಂದು ಪುಟ ನೋಡಿ. ರೆಡಿನೆಸ್ ಮಾನಿಟರ್ ಅಂತ ಇರುತ್ತದೆ, ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡು ಮುಗಿಸಿದೆಯಾ ಅಂತ ಹೇಳುವುದು. ಎಷ್ಟೋ ದಿನದಿಂದ ಓಡುತ್ತಿರುವ ಕಾರಿನಲ್ಲಿ ಅವು ಬಹುತೇಕ ಎಲ್ಲಾ "ರೆಡಿ" ಇರುತ್ತವೆ. ಯಾರಾದರೂ ಕೋಡ್ ಅಳಿಸಿದರೆ ಅಥವಾ ಬ್ಯಾಟರಿ ಕಳಚಿದರೆ ಅವೆಲ್ಲಾ "ನಾಟ್ ರೆಡಿ" ಆಗಿ, ಮತ್ತೆ ಹತ್ತಾರು ಮೈಲು ಬೇರೆ ಬೇರೆ ರೀತಿ ಓಡಿಸುವವರೆಗೆ ಹಾಗೇ ಇರುತ್ತವೆ. ಕೆಲವು ಸ್ಕ್ಯಾನರ್‌ಗಳು ಕೋಡ್ ಅಳಿಸಿದ ಮೇಲೆ ಎಷ್ಟು ಮೈಲು ಓಡಿದೆ ಅಂತಲೂ ತೋರಿಸುತ್ತವೆ. ಅಲ್ಲಿ 6 ಮೈಲು ಅಂತ ಬಂದರೆ, ನೀವು ಬರುವ ಮುಂಚೆ ಯಾರೋ ಗಾಡಿಯ ನೆನಪನ್ನು ಒರೆಸಿದ್ದಾರೆ ಅಂತ ಅರ್ಥ.

ಟೆಸ್ಟ್ ಡ್ರೈವ್‌ಗೆ ಎಂಜಿನ್ ತಣ್ಣಗಿದ್ದಾಗಲೇ ಹೋಗಿ. ನೀವು ಬರುವ ಹೊತ್ತಿಗೆ ಬಿಸಿ ಮಾಡಿ ಇಟ್ಟಿದ್ದರೆ, ಬಾನೆಟ್ ಮುಟ್ಟಿದರೆ ಗೊತ್ತಾಗುತ್ತದೆ, ಇನ್ನೊಂದು ದಿನ ಬರುತ್ತೇನೆ ಅನ್ನಿ. ರೇಡಿಯೋ ಆಫ್. ಸೇಲ್ಸ್‌ಮನ್ ಹೇಳಿದ ರಸ್ತೆಯನ್ನು ಬಿಟ್ಟು ನಿಮ್ಮದೇ ದಾರಿ ಹಿಡಿಯಿರಿ, ಫ್ರೀವೇಗೆ ಹೋಗಿ, ಏರು ಹತ್ತಿಸಿ, ಸಿಗ್ನಲ್‌ನಲ್ಲಿ ನಿಂತು ಮತ್ತೆ ಹೊರಡಿ. ನನ್ನ ಟೆಸ್ಟ್ ಡ್ರೈವ್ ಡೀಲರ್ ಅಂಗಡಿಯ ಸುತ್ತ 35 ಮೈಲು ವೇಗ ಮೀರದ ಬೀದಿಗಳಲ್ಲಿ ಮುಗಿದಿತ್ತು.

ಇಷ್ಟಾದ ಮೇಲೂ ಸ್ವತಂತ್ರ ಮೆಕ್ಯಾನಿಕ್ ಹತ್ತಿರ ತೋರಿಸಿ. ಖರ್ಚು ನೂರಿನ್ನೂರು ಡಾಲರ್ ಆಗುತ್ತದೆ, ಆಗಲಿ. ಮೆಕ್ಯಾನಿಕ್‌ಗೆ ಸುಮ್ನೆ ಚೆಕ್ ಮಾಡಿ ಅನ್ನಬೇಡಿ, "ಇದು ಬೈಬ್ಯಾಕ್ ಇರಬಹುದು, ಈ ಮಾಡೆಲ್‌ನಲ್ಲಿ ಸಾಮಾನ್ಯವಾಗಿ ಏನು ಕೆಡುತ್ತದೆ, ಅದನ್ನೇ ಮೊದಲು ನೋಡಿ" ಅನ್ನಿ. ಇನ್ಶೂರೆನ್ಸ್ ಕಾರಣ ಹೇಳಿ ಗಾಡಿ ಹೊರಗೆ ಬಿಡುವುದಿಲ್ಲ ಅಂದರೆ ಅಲ್ಲಿಗೇ ಬಂದು ನೋಡುವ ಮೆಕ್ಯಾನಿಕ್‌ಗಳೂ ಇದ್ದಾರೆ. ಅದಕ್ಕೂ ಒಪ್ಪದ ಡೀಲರ್ ಹತ್ತಿರ ಮಾತು ಮುಂದುವರಿಸುವ ಅಗತ್ಯವೇ ಇಲ್ಲ.

ಡೀಲರ್ ಬಾಯಿ, ಡೀಲರ್ ಕಾಗದ

ನೇರವಾಗಿ ಕೇಳಿ. "ಈ ಕಾರನ್ನು ಯಾವತ್ತಾದರೂ ತಯಾರಕರು ವಾಪಸ್ ಕೊಂಡಿದ್ದಾರಾ? ಲೆಮನ್ ಲಾ ಅಡಿಯಲ್ಲಾಗಲಿ, ಗುಡ್‌ವಿಲ್ ಅಂತಾಗಲಿ, ಬೇರೆ ಯಾವ ಹೆಸರಲ್ಲಾಗಲಿ?" ಈ ಕೊನೆಯ ಭಾಗ ಬಿಡಬೇಡಿ. "ಲೆಮನ್ ಅಲ್ಲ, ಗ್ರಾಹಕರ ಖುಷಿಗೆ ವಾಪಸ್ ತೆಗೆದುಕೊಂಡಿದ್ದು" ಅನ್ನುವ ನುಣುಚು ಮಾತಿಗೆ ಜಾಗ ಕೊಡಬಾರದು. ಇದನ್ನು ಇಮೇಲ್ ಅಥವಾ ಮೆಸೇಜ್‌ನಲ್ಲಿ ಕೇಳಿ, ಉತ್ತರವೂ ಅದರಲ್ಲೇ ಬರಲಿ. ಬರವಣಿಗೆಯಲ್ಲಿ "ಇಲ್ಲ" ಅಂದು ಆಮೇಲೆ ಹೌದು ಅಂತ ಗೊತ್ತಾದರೆ ವಂಚನೆಗೆ ಅದೇ ಸಾಕ್ಷಿ. ಫೋನ್ ಮಾಡಿ ಹೇಳುತ್ತೇನೆ ಅಂದರೆ, ಫೋನ್ ಆದ ಮೇಲೆ "ನೀವು ಈಗ ಹೀಗೆ ಹೇಳಿದಿರಿ, ಸರಿ ತಾನೇ" ಅಂತ ನೀವೇ ಬರೆದು ಕಳಿಸಿ.

ಟೈಟಲ್ ತೋರಿಸಿ ಅನ್ನಿ. ಇನ್ನೂ ಬಂದಿಲ್ಲ ಅನ್ನಬಹುದು, ಕೆಲವೊಮ್ಮೆ ನಿಜವೂ ಇರಬಹುದು. ಹಾಗಿದ್ದರೆ ಬಂದ ಮೇಲೆ ಬರುತ್ತೇನೆ ಅನ್ನಿ.

ಕಿಟಕಿಗೆ ಅಂಟಿಸಿದ ಬೈಯರ್ಸ್ ಗೈಡ್ ಅನ್ನುವ ಹಾಳೆಯನ್ನು ಓದಿ. ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮದ ಪ್ರಕಾರ ಡೀಲರ್ ಮಾರುವ ಯೂಸ್ಡ್ ಕಾರುಗಳ ಮೇಲೆ ಇದು ಇರಲೇಬೇಕು. ಮೇನ್ ಮತ್ತು ವಿಸ್ಕಾನ್ಸಿನ್‌ನಲ್ಲಿ ಮಾತ್ರ ಆ ರಾಜ್ಯಗಳದ್ದೇ ಬೇರೆ ನಿಯಮ. ಅದರಲ್ಲಿ "ಆ್ಯಸ್ ಈಸ್" ಅನ್ನುವ ಚೌಕಕ್ಕೆ ಗುರುತು ಹಾಕಿದ್ದರೆ, ಗಾಡಿ ಗೇಟು ದಾಟಿದ ಮೇಲೆ ಏನು ಕೆಟ್ಟರೂ ಡೀಲರ್ ಹೊಣೆ ಅಲ್ಲ ಅಂತ. ಮ್ಯಾಸಚೂಸೆಟ್ಸ್‌ನಂಥ ಕೆಲವು ರಾಜ್ಯಗಳಲ್ಲಿ ಹಾಗೆ ಮಾರಲು ಬಿಡುವುದಿಲ್ಲ. ನ್ಯೂಯಾರ್ಕ್‌ನಲ್ಲಿ ಯೂಸ್ಡ್ ಕಾರಿಗೇ ಬೇರೆ ಲೆಮನ್ ಲಾ ಇದೆ, ಓಡಿದ ಮೈಲಿಗೆ ತಕ್ಕಂತೆ 30ರಿಂದ 90 ದಿನದ ವಾರಂಟಿ ಕೊಡಬೇಕು. ನೀವಿರುವ ರಾಜ್ಯದ ನಿಯಮವನ್ನು ಅಲ್ಲಿನ ಅಟಾರ್ನಿ ಜನರಲ್ (ರಾಜ್ಯದ ಮುಖ್ಯ ಸರ್ಕಾರಿ ವಕೀಲರು) ವೆಬ್‌ಸೈಟಿನಲ್ಲಿ ಮೊದಲೇ ಓದಿಕೊಳ್ಳಿ. "30 ದಿನ ನಾವು ನೋಡ್ಕೋತೀವಿ ಬಿಡಿ" ಅಂತ ಸೇಲ್ಸ್‌ಮನ್ ಬಾಯಲ್ಲಿ ಹೇಳಿದರೆ ಅದನ್ನು ಬೈಯರ್ಸ್ ಗೈಡ್ ಮೇಲೇ ಬರೆಸಿ. ಆ ಹಾಳೆ ಒಪ್ಪಂದದ ಭಾಗ, ಒಪ್ಪಂದದ ಬೇರೆ ಸಾಲು ಅದಕ್ಕೆ ವಿರುದ್ಧ ಇದ್ದರೂ ಈ ಹಾಳೆಯ ಮಾತೇ ನಿಲ್ಲುತ್ತದೆ.

"ಸರ್ಟಿಫೈಡ್" ಅಂತ ಬೋರ್ಡ್ ಹಾಕಿದ್ದರೆ ಪರೀಕ್ಷೆ ಮಾಡಿದ ಪಟ್ಟಿ ಕೇಳಿ. ಕ್ಯಾಲಿಫೋರ್ನಿಯಾದಲ್ಲಿ ಆ ಪಟ್ಟಿಯನ್ನು ಕೊಡಲೇಬೇಕು, ಮತ್ತು ವಾರಂಟಿ ಕಾನೂನಿನಡಿ ವಾಪಸ್ ಪಡೆದ ಕಾರನ್ನು ಸರ್ಟಿಫೈಡ್ ಅಂತ ಮಾರುವಂತೆಯೇ ಇಲ್ಲ.

ಸಹಿ ಹಾಕುವ ಕೋಣೆ

ಇಲ್ಲೇ ನಾನು ಬಿದ್ದದ್ದು, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಆ ಹೊತ್ತಿಗೆ ಮೂರ್ನಾಲ್ಕು ಗಂಟೆ ಕಳೆದಿರುತ್ತದೆ. ಮಗು ಅಳುತ್ತಿರುತ್ತದೆ, ಹೊಟ್ಟೆ ಹಸಿದಿರುತ್ತದೆ, ಕಾರಿನ ಕೀ ಮೇಜಿನ ಮೇಲೆ ಕಣ್ಣಿಗೆ ಕಾಣುವ ಹಾಗೆ ಇಟ್ಟಿರುತ್ತಾರೆ. ಫೈನಾನ್ಸ್ ಮ್ಯಾನೇಜರ್ ಕಾಗದದ ಕಟ್ಟನ್ನು ತನ್ನ ಕಡೆ ಇಟ್ಟುಕೊಂಡು, ಸಹಿ ಜಾಗ ಮಾತ್ರ ಕಾಣುವ ಹಾಗೆ ಒಂದೊಂದೇ ಹಾಳೆಯ ಕೆಳಗಿನ ಅಂಚನ್ನು ಮುಂದೆ ಸರಿಸುತ್ತಾ, ಇದು ಡಿಎಂವಿಗೆ (ನಮ್ಮ ಆರ್‌ಟಿಒ ಥರ), ಇದು ಟ್ಯಾಕ್ಸ್‌ಗೆ, ಇದು ಪ್ರೈವಸಿ, ಇದು ಎಲ್ಲರಿಗೂ ಇರುತ್ತೆ ಅಂತ ಹೇಳಿಕೊಂಡು ಹೋದ. ಆ "ಎಲ್ಲರಿಗೂ ಇರುತ್ತೆ" ಅನ್ನುವ ಹಾಳೆಯೇ ಬೈಬ್ಯಾಕ್ ನೋಟಿಸ್ ಆಗಿತ್ತು. ಈಗ ಕೆಲವು ಕಡೆ ಟ್ಯಾಬ್ಲೆಟ್ ಕೊಟ್ಟು ಬೆರಳಲ್ಲಿ ಸಹಿ ಮಾಡಿಸುತ್ತಾರೆ. ಅಲ್ಲಂತೂ ಕೆಳಗಿನ ಬಟನ್ ಬಿಟ್ಟು ಬೇರೇನೂ ಕಾಣುವುದಿಲ್ಲ.

ಇದಕ್ಕೆ ಮದ್ದು: ಎಲ್ಲಾ ಕಾಗದಗಳನ್ನೂ ಹಿಂದಿನ ದಿನವೇ ಇಮೇಲ್ ಮಾಡಿ ಅನ್ನಿ. ಕೊಡುವುದಿಲ್ಲ ಅಂದರೆ ಕಟ್ಟನ್ನು ನಿಮ್ಮ ಕಡೆ ಎಳೆದುಕೊಂಡು ಓದಿ. ಅವರು ಗಡಿಯಾರ ನೋಡಿದರೆ ನೋಡಲಿ. ಹಿಂದಿ, ತಮಿಳು, ಕನ್ನಡ ಯಾವ ಭಾಷೆಯಲ್ಲಿ ಆತ್ಮೀಯವಾಗಿ ಮಾತಾಡಿದರೂ ನಮ್ಮವರೇ ಅಲ್ವಾ ಅಂತ ಓದದೆ ಬಿಡಬೇಡಿ. ಖಾಲಿ ಜಾಗ ಇರುವ ಹಾಳೆಗೆ ಸಹಿ ಹಾಕಲೇಬೇಡಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಅವರ ಕೆಲಸ ಓದುವುದು ಮಾತ್ರ.

ಸಾಲದ ವಿಷಯಕ್ಕೆ ಬಂದರೆ, ತಿಂಗಳ ಕಂತಿನ ಮಾತನ್ನೇ ಎತ್ತಬೇಡಿ. 20,000 ಡಾಲರ್ ಸಾಲಕ್ಕೆ ಶೇ. 7ರ ಬಡ್ಡಿಯಲ್ಲಿ 60 ತಿಂಗಳಾದರೆ ಕಂತು ಸುಮಾರು 396 ಡಾಲರ್. ಅದನ್ನೇ ಶೇ. 9 ಮಾಡಿ 72 ತಿಂಗಳಿಗೆ ಎಳೆದರೆ ಕಂತು ಸುಮಾರು 360. ಕಡಿಮೆ ಆಯಿತು ಅನ್ನಿಸುತ್ತದೆ, ಆದರೆ ಒಟ್ಟು ಕಟ್ಟುವುದು 23,760 ಬದಲು ಸುಮಾರು 25,960. ಹತ್ತಿರ ಹತ್ತಿರ 2,200 ಡಾಲರ್ ಜಾಸ್ತಿ. ಬ್ಯಾಂಕ್ ಕೊಡುವ ದರದ ಮೇಲೆ ಡೀಲರ್ ತನ್ನ ಪಾಲು ಸೇರಿಸುವುದು ಮಾಮೂಲಿ. ಹಾಗಾಗಿ ಕ್ರೆಡಿಟ್ ಯೂನಿಯನ್‌ನಿಂದ (ಸಹಕಾರಿ ಬ್ಯಾಂಕ್ ಥರ) ಸಾಲಕ್ಕೆ ಮೊದಲೇ ಒಪ್ಪಿಗೆ ತೆಗೆದುಕೊಂಡು ಹೋಗಿ. ಒಪ್ಪಂದದಲ್ಲಿ ಎಪಿಆರ್ (ವರ್ಷದ ಬಡ್ಡಿ ದರ), ಒಟ್ಟು ಬಡ್ಡಿ, ಒಟ್ಟು ಪಾವತಿ ಬರೆದ ಚೌಕಗಳು ಇರಲೇಬೇಕು, ಅವನ್ನು ಓದಿ. ಪೇಂಟ್ ಪ್ರೊಟೆಕ್ಷನ್, ಟೈರ್‌ಗೆ ನೈಟ್ರೋಜನ್, ಗಾಜಿನ ಮೇಲೆ ವಿನ್ ಕೆತ್ತನೆ ಅಂತ ಸೇರಿಸಿದ್ದರೆ ತೆಗೆಸಿ.

ಸಾಲ ಪಕ್ಕಾ ಆಗುವ ಮುಂಚೆ ಕಾರು ಮನೆಗೆ ಕೊಟ್ಟು ಕಳಿಸಿ, ವಾರ ಬಿಟ್ಟು "ಬ್ಯಾಂಕ್ ಒಪ್ಪಲಿಲ್ಲ, ಬಡ್ಡಿ ಜಾಸ್ತಿ, ಬಂದು ಹೊಸ ಕಾಗದಕ್ಕೆ ಸಹಿ ಹಾಕಿ" ಅನ್ನುವವರೂ ಇದ್ದಾರೆ. ಬ್ಯಾಂಕ್ ತಿರಸ್ಕರಿಸಿದ ಪತ್ರ ತೋರಿಸಿ ಅನ್ನಿ, ಹೊಸ ಷರತ್ತಿಗೆ ಒಪ್ಪುವ ಬದಲು ಕಾರು ವಾಪಸ್ ಕೊಟ್ಟು ಮುಂಗಡವನ್ನೂ, ವಿನಿಮಯಕ್ಕೆ ಕೊಟ್ಟಿದ್ದರೆ ನಿಮ್ಮ ಹಳೇ ಕಾರನ್ನೂ ವಾಪಸ್ ಕೇಳಿ.

ಮತ್ತೊಂದು ತಪ್ಪು ತಿಳಿವಳಿಕೆ. ಕೊಂಡು ಮೂರು ದಿನದೊಳಗೆ ವಾಪಸ್ ಕೊಡಬಹುದು ಅಂತ ಎಲ್ಲರೂ ಹೇಳುತ್ತಾರೆ. ಫೆಡರಲ್ ಕಾನೂನಿನ ಆ ಮೂರು ದಿನದ ಹಕ್ಕು ಡೀಲರ್ ಅಂಗಡಿಯಲ್ಲಿ ಕೊಂಡ ಕಾರಿಗೆ ಅನ್ವಯಿಸುವುದಿಲ್ಲ. ನಿಮ್ಮ ರಾಜ್ಯದ ಕಾನೂನಿನಲ್ಲಿ ಅಥವಾ ಒಪ್ಪಂದದಲ್ಲಿ ಬರೆದಿದ್ದರೆ ಮಾತ್ರ ಉಂಟು.

ಆಗಲೇ ಕೊಂಡುಬಿಟ್ಟಿದ್ದರೆ

ಮೊದಲು ಭಾವ ಹೇಳಿದ್ದೇ: ಫೋಲ್ಡರ್ ತೆಗೆದು ಓದಿ. ನನ್ನನ್ನು ಕಟ್ಟಿಹಾಕಿದ ಆ ನೋಟಿಸೇ ನನ್ನನ್ನು ಉಳಿಸಿತು. ಅದರಲ್ಲಿ ಟ್ರಾನ್ಸ್‌ಮಿಷನ್ ದೋಷ ಅಂತ ಸ್ಪಷ್ಟವಾಗಿ ಬರೆದಿತ್ತು, ಒಂದು ವರ್ಷದ ವಾರಂಟಿ ಕೂಡ. ಅದನ್ನು ತೋರಿಸಿದ ಮೇಲೆ ಗೇರ್ ಬದಲಾವಣೆಯನ್ನು ನಿಯಂತ್ರಿಸುವ ವಾಲ್ವ್ ಬಾಡಿ ಅನ್ನುವ ಭಾಗವನ್ನು ಉಚಿತವಾಗಿ ಬದಲಿಸಿದರು. ಆ ಹಾಳೆ ಇಲ್ಲದಿದ್ದರೆ ಕೆಲವು ಸಾವಿರ ಡಾಲರ್ ಕೈಯಿಂದ ಹೋಗುತ್ತಿತ್ತು.

ನಿಮಗೆ ನೋಟಿಸೇ ಕೊಟ್ಟಿಲ್ಲ, ಸ್ಟಿಕ್ಕರ್ ಕಿತ್ತಿದ್ದಾರೆ, ಟೈಟಲ್ ತೊಳೆದಿದ್ದಾರೆ ಅಂದರೆ ನಿಮ್ಮ ಕೈ ಇನ್ನೂ ಮೇಲಿದೆ. ಕಾರಿನ ಜಾಹೀರಾತಿನ ಸ್ಕ್ರೀನ್‌ಶಾಟ್, ಮೆಸೇಜ್‌ಗಳು, ಪ್ರತಿ ರಿಪೇರಿಯ ಬಿಲ್, ತಾರೀಖು, ಮೈಲು ಎಲ್ಲಾ ಒಂದೆಡೆ ಸೇರಿಸಿ. ಕಾರು ವಾಪಸ್ ಪಡೆದು ಹಣ ಕೊಡಿ ಅಂತ ಡೀಲರ್‌ಗೆ ಸರ್ಟಿಫೈಡ್ ಮೇಲ್‌ನಲ್ಲಿ (ನಮ್ಮ ರಿಜಿಸ್ಟರ್ಡ್ ಪೋಸ್ಟ್ ಥರ) ಪತ್ರ ಕಳಿಸಿ. ಕೋಪಕ್ಕೆ ಕಂತು ನಿಲ್ಲಿಸಬೇಡಿ, ಗಾಡಿ ಎಳೆದುಕೊಂಡು ಹೋಗುತ್ತಾರೆ, ಕ್ರೆಡಿಟ್ ಹಾಳಾಗುತ್ತದೆ. ಬದಲಿಗೆ ಸಾಲ ಕೊಟ್ಟವರಿಗೂ ಪತ್ರ ಬರೆಯಿರಿ. ಡೀಲರ್ ಮೂಲಕ ಮಾಡಿಸಿದ ಸಾಲದ ಒಪ್ಪಂದದಲ್ಲಿ, ಡೀಲರ್ ಮೇಲಿನ ನಿಮ್ಮ ದೂರನ್ನು ಆ ಸಾಲ ಹಿಡಿದವರ ಮೇಲೂ ಹೂಡಬಹುದು ಅನ್ನುವ ಸಾಲು ಇರಬೇಕು ಅಂತ ಫೆಡರಲ್ ನಿಯಮ ಇದೆ, ಹೋಲ್ಡರ್ ರೂಲ್ ಅನ್ನುತ್ತಾರೆ. ಬ್ಯಾಂಕ್ ಕೇಳಿದರೆ ಡೀಲರ್ ಬೇಗ ಎಚ್ಚರಗೊಳ್ಳುತ್ತಾನೆ.

ಡಿಎಂವಿಯ ತನಿಖಾ ವಿಭಾಗ, ರಾಜ್ಯದ ಅಟಾರ್ನಿ ಜನರಲ್, ಸಾಲದ ವಿಷಯವಾದರೆ ಗ್ರಾಹಕರ ಹಣಕಾಸಿನ ದೂರು ನೋಡುವ ಫೆಡರಲ್ ಸಂಸ್ಥೆ ಸಿಎಫ್‌ಪಿಬಿ, ಇವುಗಳಿಗೆ ದೂರು ಕೊಡುವುದಕ್ಕೆ ಖರ್ಚಿಲ್ಲ. ಚಿಕ್ಕ ಮೊತ್ತಕ್ಕೆ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಇದೆ, ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ವ್ಯಕ್ತಿ 12,500 ಡಾಲರ್‌ವರೆಗೆ ಕೇಳಬಹುದು, ವಕೀಲರು ಬೇಡ. ದೊಡ್ಡದಾದರೆ ಗ್ರಾಹಕ ವಕೀಲರನ್ನು ಕಾಣಿ. ಗೆದ್ದರೆ ಎದುರಿನವರೇ ಫೀಸು ಕೊಡಬೇಕು ಅನ್ನುವ ಕಾನೂನುಗಳು ಇರುವುದರಿಂದ ಎಷ್ಟೋ ಜನ ಮುಂಗಡ ಕೇಳದೆ ಕೇಸು ಹಿಡಿಯುತ್ತಾರೆ. ತಡ ಮಾಡಬೇಡಿ, ಇವಕ್ಕೆಲ್ಲಾ ಗಡುವು ಇದೆ.

ಒಂದು ಬದಲಾವಣೆ ಗೊತ್ತಿರಲಿ. 2024ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ, ಹೊಸ ಕಾರಿನ ವಾರಂಟಿ ಇನ್ನೂ ಉಳಿದಿದೆ ಅನ್ನುವ ಒಂದೇ ಕಾರಣಕ್ಕೆ ಯೂಸ್ಡ್ ಕಾರನ್ನು ಅಲ್ಲಿನ ಲೆಮನ್ ಲಾ ಅಡಿಯಲ್ಲಿ ತಯಾರಕರಿಗೆ ವಾಪಸ್ ಕೊಡುವ ಹಕ್ಕು ಬರುವುದಿಲ್ಲ. ವಾರಂಟಿಯಲ್ಲಿ ರಿಪೇರಿ ಕೇಳಬಹುದು, ವಂಚನೆ ಅಂತ ಡೀಲರ್ ಮೇಲೆ ಹೋಗಬಹುದು. ಆದರೆ "ಏನಾದರೂ ಆದರೆ ಲೆಮನ್ ಲಾ ಇದೆಯಲ್ಲ" ಅಂತ ಧೈರ್ಯದಿಂದ ಕೊಳ್ಳುವ ಕಾಲ ಹೋಯಿತು.

ನಾನು ಆ ಎಸ್‌ಯುವಿಯನ್ನು ಎರಡು ವರ್ಷ ಓಡಿಸಿ ಮಾರಿದೆ. ನೋಡಲು ಬಂದದ್ದು ಓದುತ್ತಿರುವ ಒಬ್ಬ ಹುಡುಗ ಮತ್ತು ಅವನ ಅಕ್ಕ. ಕೀ ಕೊಡುವ ಮುಂಚೆ ನೋಟಿಸ್, ರಿಪೇರಿ ಬಿಲ್, ಟೈಟಲ್ ಮೂರನ್ನೂ ಅವರ ಕೈಗೆ ಕೊಟ್ಟು ಬಾಗಿಲ ಸ್ಟಿಕ್ಕರ್ ತೋರಿಸಿದೆ. ಹುಡುಗ ಕಾರಿನ ಸುತ್ತ ತಿರುಗುತ್ತಿದ್ದ. ಅಕ್ಕ ಮೆಟ್ಟಿಲ ಮೇಲೆ ಕೂತು ಎಲ್ಲಾ ಹಾಳೆಗಳನ್ನೂ ಓದಿದಳು, ವಾಲ್ವ್ ಬಾಡಿ ಬದಲಿಸಿದ ತಾರೀಖು ಕೇಳಿದಳು, ಮರುದಿನ ಮೆಕ್ಯಾನಿಕ್ ಹತ್ತಿರ ತೋರಿಸಿ ಬಂದು ನಾನು ಹೇಳಿದ್ದಕ್ಕಿಂತ 1,500 ಡಾಲರ್ ಕಡಿಮೆಗೆ ಕೇಳಿದಳು. ಕೊಟ್ಟೆ.